ಹತ್ತು ವರ್ಷಗಳ ಬಳಿಕ ಲೆಕ್ಕ ಬರೆಯುವ ಕೆಲಸಕ್ಕೆ ಮರಳುವುದು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಶ್ರೀಮತಿ ಎಸ್. ಅವರಿಗೆ ಮೂವತ್ತೈದು ವರ್ಷ. 2012ರಲ್ಲಿ ಬಿ.ಕಾಂ. ಮುಗಿಸಿ, ಮಧ್ಯ ಕರ್ನಾಟಕದ ವ್ಯಾಪಾರದ ಊರೊಂದರಲ್ಲಿ ಸಿಮೆಂಟು, ಕಬ್ಬಿಣದ ಸಗಟು ಅಂಗಡಿಯ ಲೆಕ್ಕ ಬರೆಯುತ್ತಿದ್ದ ಅವರು 2016ರಲ್ಲಿ ಹೆರಿಗೆಗೆಂದು ರಜೆ ಹಾಕಿದವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮಗಳು ಈಗ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಅತ್ತೆ, ಖಾಸಗಿ ಕಂಪನಿಯಲ್ಲಿ ದುಡಿಯುವ ಪತಿ, ಜೊತೆಗೆ ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ಮೈದುನ. ಈ ಕೊನೆಯ ವಿವರ ನನಗೆ ಮೊದಲ ಭೇಟಿಯ ಆರಂಭದಲ್ಲಿ ತಿಳಿಯಲಿಲ್ಲ, ಆದರೆ ಸಮಸ್ಯೆಯ ಅರ್ಧ ಭಾಗ ಅಲ್ಲಿಯೇ ಇತ್ತು.

ಅವರು ಬಂದದ್ದು ಒಂದು ಸರಳ ಪ್ರಶ್ನೆಯೊಂದಿಗೆ. ತರಬೇತಿ ಸಂಸ್ಥೆಯೊಂದು ಆರು ತಿಂಗಳ ಕೋರ್ಸಿಗೆ 38,000 ರೂಪಾಯಿ ಕೇಳಿ, ಕೊನೆಯಲ್ಲಿ ಕೆಲಸ ಖಂಡಿತ ಎಂದು ಹೇಳಿತ್ತು. ಸೇರಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ಮಾತು ಮುಂದುವರಿದಂತೆ, "ಮೇಡಂ, ನಾನು ಬಿಟ್ಟಾಗ ವ್ಯಾಟ್ ಇತ್ತು. ಈಗ ಎಲ್ಲ ಜಿಎಸ್‌ಟಿ. ನನಗೆ ಗೊತ್ತಿದ್ದದ್ದು ಯಾವುದೂ ಈಗ ಇಲ್ಲ" ಎಂದರು. ಇನ್ನೊಂದು ಮಾತನ್ನು ತಲೆ ತಗ್ಗಿಸಿ ಹೇಳಿದರು: "ನಮ್ಮ ಮೈದುನ ಸಿಎ. ಅವರ ಮುಂದೆ ನಾನು ಬರೀ ಲೆಕ್ಕ ಬರೆಯೋಳು."

ಇಂಥ ಸಂದರ್ಭದಲ್ಲಿ ಧೈರ್ಯದ ಮಾತು ಹೇಳುವುದು ಸುಲಭ, ಆದರೆ ಅದರಿಂದ ಪ್ರಯೋಜನ ಕಡಿಮೆ. ಏನು ಉಳಿದಿದೆ, ಏನು ಮರೆತಿದೆ ಎಂಬುದು ಅವರಿಗೇ ಕಾಣಬೇಕು. ಅದಕ್ಕಾಗಿ ಪರಿಚಿತ ತೆರಿಗೆ ಸಲಹೆಗಾರರೊಬ್ಬರಿಂದ ಒಂದು ಸಣ್ಣ ಅಂಗಡಿಯ ಒಂದು ತಿಂಗಳ ಕಾಲ್ಪನಿಕ ಲೆಕ್ಕವನ್ನು ಸಿದ್ಧಪಡಿಸಿಕೊಂಡು, ಎರಡನೆಯ ಭೇಟಿಯಲ್ಲಿ ಬ್ಯಾಂಕ್ ಪುಸ್ತಕವನ್ನೂ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಅವರ ಮುಂದಿಟ್ಟು ತಾಳೆ ನೋಡಲು ಕೇಳಿದೆ. ಇನ್ನೂ ನಗದಾಗದ ಚೆಕ್ಕೊಂದನ್ನು ಅವರು ಮೊದಲು ಪಕ್ಕಕ್ಕೆ ತೆಗೆದರು, ಬ್ಯಾಂಕ್ ಶುಲ್ಕವನ್ನು ಗುರುತಿಸಿದರು. ಆಮೇಲೂ 900 ರೂಪಾಯಿ ವ್ಯತ್ಯಾಸ ಉಳಿಯಿತು. ಕ್ಯಾಲ್ಕುಲೇಟರ್ ಮುಟ್ಟದೆ, "ಒಂಬತ್ತರಿಂದ ಭಾಗ ಹೋಗ್ತದೆ, ಎಲ್ಲೋ ಅಂಕಿ ಹಿಂದುಮುಂದಾಗಿದೆ" ಎಂದವರು, 46,500ರ ಚೆಕ್ಕನ್ನು ಪುಸ್ತಕದಲ್ಲಿ 45,600 ಎಂದು ಬರೆದಿದ್ದ ಸಾಲಿನ ಮೇಲೆ ಪೆನ್ಸಿಲಿಟ್ಟರು. ಹತ್ತು ವರ್ಷ ಬಳಸದಿದ್ದ ಕೈ ಅದು.

ಆದರೆ ಬ್ಯಾಂಕ್ ಶುಲ್ಕ 118 ರೂಪಾಯಿ ಇದ್ದದ್ದನ್ನು ಅವರು ಇಡಿಯಾಗಿ ಖರ್ಚಿಗೆ ಹಾಕಿದ್ದರು. ಅದರಲ್ಲಿ 100 ರೂಪಾಯಿ ಶುಲ್ಕ, 18 ರೂಪಾಯಿ ಜಿಎಸ್‌ಟಿ. ನೋಂದಾಯಿತ ವ್ಯಾಪಾರಿ ಆ 18 ರೂಪಾಯಿಯನ್ನು ಸಾಮಾನ್ಯವಾಗಿ ಹೂಡುವಳಿ ತೆರಿಗೆಯ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಮುರಿದುಕೊಳ್ಳಬಹುದು. ಅವರು ಕಲಿಯಬೇಕಾದದ್ದೇನು ಎಂಬುದು ಆ 18 ರೂಪಾಯಿಯಲ್ಲಿ ಸ್ಪಷ್ಟವಾಯಿತು: ಜಮಾ-ಖರ್ಚಿನ ತಿಳಿವಳಿಕೆ ಗಟ್ಟಿಯಾಗಿಯೇ ಇದೆ, 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಕಾನೂನು ಗೊತ್ತಿಲ್ಲ. ಆರು ತಿಂಗಳ ಕೋರ್ಸಿನ ಪಠ್ಯಪಟ್ಟಿಯನ್ನು ತರಿಸಿ ನೋಡಿದಾಗ ಅದರ ಬಹುಭಾಗ ಅವರಿಗೆ ಬರುವ ವಿಷಯವೇ ಆಗಿತ್ತು. ಆ ಹಣವನ್ನು ಕಟ್ಟಬೇಡಿ ಎಂದು ನೇರವಾಗಿಯೇ ಹೇಳಿದೆ. ಕೆಲಸ ಖಂಡಿತ ಎನ್ನುವ ಸಂಸ್ಥೆ ಎಂಥ ಕೆಲಸ, ಎಷ್ಟು ಸಂಬಳ, ಎಲ್ಲಿ ಎಂಬುದನ್ನು ಬರವಣಿಗೆಯಲ್ಲಿ ಕೊಡಲು ಒಪ್ಪುವುದು ಅಪರೂಪ, ಇಲ್ಲಿಯೂ ಒಪ್ಪಲಿಲ್ಲ.

ಅದರ ಬದಲು ಟ್ಯಾಲಿ ತಂತ್ರಾಂಶದ ಶೈಕ್ಷಣಿಕ ಆವೃತ್ತಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳಲು ಸೂಚಿಸಿದೆ. ಅದಕ್ಕೆ ಶುಲ್ಕವಿಲ್ಲ, ತಿಂಗಳ ಕೆಲವೇ ದಿನಾಂಕಗಳಿಗೆ ಮಾತ್ರ ನಮೂದು ಮಾಡಲು ಬರುತ್ತದೆ, ಆದರೆ ಅಭ್ಯಾಸಕ್ಕೆ ಅಷ್ಟು ಸಾಕು. ಎರಡನೆಯದಾಗಿ, ಯಾವುದಾದರೂ ಅಂಗಡಿಗೆ ಸೇರುವ ಮುನ್ನ ಆಡಿಟರ ಕಚೇರಿಯಲ್ಲಿ ಕೆಲವು ತಿಂಗಳು ಕಡಿಮೆ ಸಂಬಳಕ್ಕಾದರೂ ದುಡಿಯಬೇಕೆಂದು ಹೇಳಿದೆ. ಒಂದು ಅಂಗಡಿಯಲ್ಲಿ ಒಂದೇ ಬಗೆಯ ವ್ಯಾಪಾರ ಕಾಣುತ್ತದೆ. ಆಡಿಟರ ಕಚೇರಿಯಲ್ಲಿ ಔಷಧದಂಗಡಿ, ಗುತ್ತಿಗೆದಾರ, ಅಕ್ಕಿ ಗಿರಣಿ, ಎಲ್ಲರ ಚೀಲಗಳೂ ಒಂದೇ ಮೇಜಿಗೆ ಬರುತ್ತವೆ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ (ಮಾರಾಟಗಾರರು ಸಲ್ಲಿಸಿದ ತೆರಿಗೆ ರಿಟರ್ನುಗಳಿಂದ ಖರೀದಿದಾರನಿಗೆ ಸಿದ್ಧವಾಗುವ ಪಟ್ಟಿ) ತಾಳೆ ನೋಡುವುದು ಇಂದಿನ ಲೆಕ್ಕಿಗರ ನಿಜವಾದ ಪರೀಕ್ಷೆ. ಮಾರಾಟಗಾರ ತನ್ನ ರಿಟರ್ನಿನಲ್ಲಿ ತೋರಿಸದ ಬಿಲ್ಲಿಗೆ ಖರೀದಿದಾರನಿಗೆ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ, ಯಾರ ಬಿಲ್ಲು ಬಂದಿಲ್ಲ ಎಂದು ಕಂಡುಹಿಡಿದು, ಫೋನು ಮಾಡಿ, ಹಾಕಿಸಿಕೊಳ್ಳುವವರೇ ಮಾಲೀಕನ ಹಣ ಉಳಿಸುವವರು. 900 ರೂಪಾಯಿಯ ಹಿಂದೆ ಬಿದ್ದವರಿಗೆ ಈ ಕೆಲಸ ಒಗ್ಗುತ್ತದೆ.

ತಾವೊಬ್ಬರೇ ಹಿಂದುಳಿದಿರುವುದಾಗಿ ಭಾವಿಸಿದ್ದ ಅವರಿಗೆ ಇನ್ನೊಂದು ಸಂಗತಿಯನ್ನೂ ನೆನಪಿಸಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದು, ಅನುಭವಿಗಳಿಗೆ ಬಾಯಿಪಾಠವಾಗಿದ್ದ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾದವು. ಮೈದುನನೂ ಹೊಸದಾಗಿ ಓದಬೇಕಾಯಿತಷ್ಟೇ ಎಂದಾಗ ಅವರು ಮೊದಲ ಬಾರಿಗೆ ನಕ್ಕರು. ಮೈದುನನ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿತ್ತು: ಸಿಎ ಸಹಿ ಹಾಕುವ ಲೆಕ್ಕವನ್ನು ಯಾರೋ ದಿನದಿನವೂ ಬರೆದಿರಬೇಕು, ಎರಡೂ ಬೇರೆ ಬೇರೆ ವೃತ್ತಿಗಳು, ಒಂದು ಇನ್ನೊಂದರ ಕೆಳಗಿನ ಮೆಟ್ಟಿಲಲ್ಲ. ಅವರಿಗೆ ಸಿಎ ಓದುವ ಆಸೆ ಇದೆಯೇ ಎಂದೂ ಕೇಳಿದ್ದೆ. ಇಲ್ಲ ಎಂದರು, ತಡಮಾಡದೆ.

ಮನೆಯಿಂದಲೇ ವಿದೇಶಿ ಸಂಸ್ಥೆಗಳ ಲೆಕ್ಕ ಬರೆಯುವ ಆಲೋಚನೆಯೂ ಅವರಲ್ಲಿತ್ತು. ಅದು ಸಾಧ್ಯವಿಲ್ಲವೆಂದಲ್ಲ, ಸದ್ಯಕ್ಕೆ ಬೇಡ ಎಂದೆ. ಪಕ್ಕದಲ್ಲಿ ಕೇಳಿ ತಿಳಿಯಲು ಒಬ್ಬರೂ ಇಲ್ಲದ ಕೆಲಸ ಮರಳಿ ಬರುವವರಿಗೆ ಮೊದಲ ಹೆಜ್ಜೆಯಾಗಬಾರದು.

ನಾನು ಹೆಚ್ಚು ಹೊತ್ತು ಮಾತನಾಡಿದ್ದು ಅವರು ಕೇಳದಿದ್ದ ಒಂದು ವಿಷಯದ ಬಗ್ಗೆ. ಹಿಂದಿನ ಅಂಗಡಿಯಲ್ಲಿ ಅವರು "ಎರಡನೇ ನಂಬರಿನ" ಪುಸ್ತಕವನ್ನೂ, ಅಂದರೆ ತೆರಿಗೆಗೆ ತೋರಿಸದ ವ್ಯವಹಾರದ ಲೆಕ್ಕವನ್ನೂ, ಬರೆಯುತ್ತಿದ್ದರೆಂಬುದು ಮಾತಿನ ನಡುವೆ ತಿಳಿಯಿತು. ಸರಕು ಕೈಬದಲಾಗದೆ ಬರೀ ಬಿಲ್ಲು ಕೊಡುವುದು, ಅಂಥ ಬಿಲ್ಲಿನ ಮೇಲೆ ಕ್ರೆಡಿಟ್ ಪಡೆಯುವುದು ಜಿಎಸ್‌ಟಿ ಕಾಯ್ದೆಯಡಿ ಅಪರಾಧ, ನೆರವಾದವರಿಗೂ ದಂಡ ವಿಧಿಸಲು ಅವಕಾಶವಿದೆ. "ಸಾಹುಕಾರರು ಹೇಳಿದರು, ಬರೆದೆ" ಎಂಬ ಉತ್ತರ ಅಲ್ಲಿ ನಿಲ್ಲಲಾರದು. ಆದ್ದರಿಂದ ಸಂದರ್ಶನದಲ್ಲಿಯೇ ಕೆಲವು ವಿಚಾರ ಕೇಳಿ ತಿಳಿಯಬೇಕು: ರಿಟರ್ನ್ ಸಲ್ಲಿಸುವವರು ಯಾರು, ಒಟಿಪಿ ಯಾರ ಫೋನಿಗೆ ಬರುತ್ತದೆ, ನಗದು ಪೆಟ್ಟಿಗೆ ಯಾರ ವಶದಲ್ಲಿರುತ್ತದೆ. ತಮ್ಮ ಮೊಬೈಲ್ ಸಂಖ್ಯೆಯನ್ನು ಮಾಲೀಕರ ಜಿಎಸ್‌ಟಿ ಖಾತೆಗೆ ಜೋಡಿಸಲು ಬಿಡಬಾರದು. ನಗದು ನೋಡಿಕೊಳ್ಳುವುದಾದರೆ ದಿನದ ಕೊನೆಗೆ ಎಣಿಸಿ ಮಾಲೀಕರ ಸಹಿ ಪಡೆಯಬೇಕು. ಇಷ್ಟು ಕೇಳಿದರೆ ಕೆಲಸ ಕೊಡುವರೇ ಎಂದು ಅವರು ಅಂಜಿದರು. ಕೊಡದಿದ್ದರೆ ಅಲ್ಲಿಗೆ ಹೋಗದಿರುವುದೇ ಲಾಭ ಎಂದೆ.

ಮೂರನೆಯ ಭೇಟಿಗೆ ಪತಿ ಮತ್ತು ಅತ್ತೆಯೂ ಬಂದರು. ಪತಿಯ ವಿರೋಧವಿರಲಿಲ್ಲ, ಉತ್ಸಾಹವೂ ಇರಲಿಲ್ಲ. ಅತ್ತೆಯವರ ಆತಂಕ ಹೆಚ್ಚು ನಿರ್ದಿಷ್ಟವಾಗಿತ್ತು: ಸೊಸೆ ದಿನಾ ರಾತ್ರಿ ತಡವಾಗಿ ಬಂದರೆ ಮಗುವಿನ ಗತಿ ಏನು? ಈ ವೃತ್ತಿಯ ಒಂದು ಅನುಕೂಲವೆಂದರೆ ಒತ್ತಡದ ದಿನಗಳು ಮೊದಲೇ ಗೊತ್ತಿರುತ್ತವೆ. ಸಾಮಾನ್ಯವಾಗಿ ಪ್ರತಿ ತಿಂಗಳೂ ಕೊನೆಯ ತಾರೀಕುಗಳು ಹೀಗೆ: ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟಲು 7, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ನೌಕರರ ಭವಿಷ್ಯನಿಧಿ ಮತ್ತು ವಿಮೆಯಾದ ಪಿಎಫ್ ಮತ್ತು ಇಎಸ್‌ಐಗೆ 15, ತೆರಿಗೆ ಲೆಕ್ಕಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಆಡಿಟ್ ಗಡಿಬಿಡಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಜೊತೆ ಈ ತಾರೀಕುಗಳನ್ನೂ ಗುರುತು ಹಾಕಿ, ಆ ದಿನಗಳ ಹಿಂದುಮುಂದು ಮಾತ್ರ ಮಗಳನ್ನು ಶಾಲೆಯಿಂದ ಕರೆತರುವ ಹೊಣೆಯನ್ನು ಪತಿ ಹೊರುವುದೆಂದು ತೀರ್ಮಾನವಾಯಿತು. ಅತ್ತೆ ಒಪ್ಪಿದರು, ಸೆಪ್ಟೆಂಬರಿನ ವಿಷಯದಲ್ಲಿ ಮಾತ್ರ "ಗಣಪತಿ ಹಬ್ಬ ಬರ್ತದಲ್ಲ" ಎಂದು ಗೊಣಗಿದರು. ಆ ಆಕ್ಷೇಪಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ.

ಶ್ರೀಮತಿ ಎಸ್. ಈಗ ಆಡಿಟರೊಬ್ಬರ ಕಚೇರಿಯಲ್ಲಿದ್ದಾರೆ. ಸಂಬಳ ಅವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಆರು ತಿಂಗಳ ನಂತರ ಮರುಮಾತುಕತೆ ಎಂಬ ಒಪ್ಪಂದವನ್ನು ಇಮೇಲಿನಲ್ಲಿ ಪಡೆದಿದ್ದಾರೆ. ಕಳೆದ ಭೇಟಿಯಲ್ಲಿ ಅವರು ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಅಧಿಕೃತ ವ್ಯಕ್ತಿ) ಆಗಿ ನೋಂದಾಯಿಸಿಕೊಳ್ಳುವ ಬಗ್ಗೆ ವಿಚಾರಿಸಿದರು. ಕಾಮರ್ಸ್ ಪದವೀಧರರಿಗೆ ಅದಕ್ಕೆ ಅವಕಾಶವಿದೆ. ಒಂದು ಸಂಸ್ಥೆಯ ಲೆಕ್ಕವನ್ನಾದರೂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಾವೇ ಬರೆದು ಮುಗಿಸಿದ ಮೇಲೆ ಅದಕ್ಕೆ ಕೈಹಾಕಿ ಎಂದು ಹೇಳಿ, ಮುಂದಿನ ಭೇಟಿಯನ್ನು ಅಕ್ಟೋಬರಿಗೆ ಇಟ್ಟುಕೊಂಡಿದ್ದೇವೆ.