ಒಂದೇ ರಾಕ್ ಬ್ಯಾಂಡನ್ನು ಮೂವತ್ತು ವರ್ಷ ಕೇಳಿದರೆ ಬೇಜಾರಾಗಲ್ವಾ?

ನನಗಂತೂ ಆಗಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೊಂಡ ಒಂದು ಕ್ಯಾಸೆಟ್‌ನಿಂದ ನನಗೆ ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಹುಚ್ಚು ಹತ್ತಿತು. ಟೇಪು ಹೊರಗೆ ಬಂದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆ. ಅಷ್ಟರಲ್ಲಾಗಲೇ, 1991ರಲ್ಲಿ, ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಹೋಗಿದ್ದರು.

ಹಾಡಿಗಿಂತ ಜಾಸ್ತಿ ಹಿಡಿದಿಟ್ಟಿದ್ದು ಬ್ಯಾಂಡಿನ ಆ ನಾಲ್ವರು. ಫ್ರೆಡ್ಡಿ ಹುಟ್ಟಿದ್ದು ಜಾಂಜಿಬಾರಿನ ಪಾರ್ಸಿ ಮನೆಯಲ್ಲಿ, ಶಾಲೆ ಓದಿದ್ದು ಪಂಚಗಣಿಯಲ್ಲಿ. ನಮ್ಮೂರಿಂದ ಸೊಲ್ಲಾಪುರ ದಾಟಿ ಹೋದರೆ ಅದೇ ದಿಕ್ಕು! ಗಿಟಾರಿನ ಬ್ರಿಯಾನ್ ಮೇ ಇನ್ನೂ ವಿಚಿತ್ರ. ಹುಡುಗನಿದ್ದಾಗ ಅಪ್ಪನ ಜೊತೆ ಕೂತು ಮನೆಯಲ್ಲೇ ಗಿಟಾರ್ ಮಾಡಿದರು. ಅದರ ಕತ್ತು ಹಳೇ ಬೆಂಕಿಗೂಡಿನ ಮರದ್ದು. ತಂತಿ ಮೀಟೋದು ಆರು ಪೆನ್ಸ್ ನಾಣ್ಯದಿಂದ. ಅರ್ಧಕ್ಕೆ ಬಿಟ್ಟಿದ್ದ ಖಗೋಳ ವಿಜ್ಞಾನದ ಪಿಎಚ್‌ಡಿಯನ್ನು 2007ರಲ್ಲಿ, ಅರವತ್ತರ ವಯಸ್ಸಿಗೆ ಮುಗಿಸಿದರು. ಡ್ರಮ್ಸ್ ರೋಜರ್ ಟೇಲರ್. ಬಾಸ್, ಅಂದರೆ ದಪ್ಪ ದನಿಯ ಗಿಟಾರ್, ನುಡಿಸುತ್ತಿದ್ದ ಜಾನ್ ಡೀಕನ್ 1997ರಲ್ಲಿ ಎಲ್ಲ ಬಿಟ್ಟು ಸುಮ್ನೆ ಮನೆ ಸೇರಿದರು. ನನಗೆ ಅವರೇ ಹೆಚ್ಚು ಇಷ್ಟ, ಯಾಕೋ.

ಬೇಜಾರಿಗೆ ಒಂದು ಮದ್ದಿದೆ. ಹಾಡು ಬಿಟ್ಟು ಬರೀ ಬಾಸ್ ಹಿಂದೆ ಕಿವಿ ಇಡಿ. ಹಳೇ ಹಾಡೇ ಹೊಸದಾಗಿ ಕೇಳುತ್ತದೆ. ನಮ್ಮ ಮನೆಯವಳಿಗೆ ಮಾತ್ರ ಹಾಗನಿಸಿಲ್ಲ: "ಮತ್ತ ಅದೇ ಹಚ್ಚೀರೇನ್ರಿ?"