‘ಯಾಕೆ’ ಬಿಡಿ, ‘ನಕಲು’ ಕೇಳಿ: ಊರಿನ ಕಡತ ಪಡೆಯುವ ಬಗೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ನಮ್ಮ ವಾರ್ಡಿನ್ಯಾಗ ಸಿ.ಸಿ. ರಸ್ತೆ ಹಾಕಿ ವರ್ಷ ಆಗಿಲ್ಲ, ಜಲ್ಲಿ ಎದ್ದು ಬಂದಾವ. ‘ರಸ್ತೆ ಯಾಕ ಇಷ್ಟು ಕಳಪೆ ಆಗೈತಿ, ಇದಕ್ಕ ಯಾರು ಹೊಣೆ’ ಅಂತ ಮಾಹಿತಿ ಹಕ್ಕಿನ್ಯಾಗ ಬರದು ಕೊಟ್ಟೆ. ‘ನೀವು ಕೋರಿರುವುದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಅಂತ ಒಂದ ಸಾಲು ಬಂತು. ಇದು ಖರೇನೋ, ಜಾರಿಕೊಳ್ಳೋ ದಾರಿನೋ?
– ಕೊಪ್ಪಳ ಜಿಲ್ಲೆಯ ಓದುಗರು

ಖರೇನೇ. ಮಾಹಿತಿ ಹಕ್ಕು ಕಾಯ್ದೆ 2005 ನಿಮಗೆ ಕೊಡುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಕಾರಣ, ವಿವರಣೆ, ಅಭಿಪ್ರಾಯಗಳನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗೆ ಇಲ್ಲ. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಹೇಳಿದೆ. ‘ಯಾಕೆ’, ‘ಯಾರು ಹೊಣೆ’ ಎಂದು ಶುರುವಾಗುವ ಅರ್ಜಿಗಳು ಬೀಳುವುದು ಇಲ್ಲೇ. ಆದರೆ ನಿಮ್ಮ ‘ಯಾಕೆ’ಗೆ ಉತ್ತರ ಅದೇ ಕಚೇರಿಯ ಕಪಾಟಿನಲ್ಲಿ ಐದಾರು ಕಾಗದಗಳಾಗಿ ಕೂತಿದೆ. ಅವುಗಳ ಹೆಸರು ಹಿಡಿದು ಕೇಳಬೇಕು, ಅಷ್ಟೇ. ಅರ್ಜಿಯನ್ನು ಹೀಗೆ ತಿದ್ದಿ ಬರೆಯಿರಿ:

‘ವಿಷಯ: ವಾರ್ಡ್ ಸಂಖ್ಯೆ 7ರಲ್ಲಿ ಆಂಜನೇಯ ಗುಡಿಯಿಂದ ನೀರಿನ ಟ್ಯಾಂಕಿನವರೆಗೆ 2023-24 ಅಥವಾ 2024-25ನೇ ಸಾಲಿನಲ್ಲಿ ನಡೆದ ಸಿ.ಸಿ. ರಸ್ತೆ ಕಾಮಗಾರಿ. ಈ ಒಂದು ಕಾಮಗಾರಿಯ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಕೊಡಬೇಕು. 1) ಮಂಜೂರಾದ ಅಂದಾಜು ಪತ್ರಿಕೆ 2) ಕಾರ್ಯಾದೇಶ ಮತ್ತು ಗುತ್ತಿಗೆ ಕರಾರು 3) ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು 4) ಗುಣಮಟ್ಟ ಪರೀಕ್ಷೆಯ ವರದಿಗಳು 5) ಪಾವತಿಸಿದ ಎಲ್ಲ ಬಿಲ್ಲುಗಳು 6) ಕಾಮಗಾರಿ ಮುಗಿದ ಪ್ರಮಾಣಪತ್ರ. ನಕಲು ಪಡೆಯುವ ಮೊದಲು ಕಡತವನ್ನು ಖುದ್ದಾಗಿ ನೋಡಲು ಅವಕಾಶ ಕೊಡಿ.’

ನಿಮ್ಮ ವಾರ್ಡ್, ಗುರುತು, ವರ್ಷ ಹಾಕಿಕೊಳ್ಳಿ. ಯಾವ ವರ್ಷದ ಕೆಲಸ ಎಂದು ಗೊತ್ತಿಲ್ಲದಿದ್ದರೆ ಹೀಗೆ ಎರಡೂ ಸಾಲು ಬರೆದುಬಿಡಿ. ಒಂದೇ ಬರೆದು ಅದು ತಪ್ಪಿದರೆ ‘ಅಂಥ ಕಾಮಗಾರಿ ಇಲ್ಲ’ ಎಂದು ಬರೆದು ಕಡತ ಮುಚ್ಚುತ್ತಾರೆ, ಮತ್ತೆ ಒಂದು ತಿಂಗಳು ಹೋಯಿತು.

ಇಷ್ಟು ಚಿಕ್ಕದಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. 2008ರಲ್ಲಿ ತಿದ್ದಿದ ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ರಸ್ತೆಯ ಜೊತೆಗೆ ಬೀದಿದೀಪ, ಕಸದ ಟೆಂಡರ್ ಎಲ್ಲ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ‘ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ’ ಎನ್ನಬಹುದು. ‘ಕಳೆದ ಹತ್ತು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂಬ ಅರ್ಜಿ ಅಧಿಕಾರಿಯನ್ನು ಹೆದರಿಸುತ್ತದೆಯೇ ಹೊರತು ನಿಮಗೆ ಏನನ್ನೂ ತಂದುಕೊಡುವುದಿಲ್ಲ.

ನಕಲು ಕೈಗೆ ಬಂದಾಗ ಮೊದಲು ತೆರೆಯಬೇಕಾದ್ದು ಅಳತೆ ಪುಸ್ತಕ. ಕಚೇರಿಯಲ್ಲಿ ಎಲ್ಲರೂ ‘ಎಂ.ಬಿ.’ ಅನ್ನುತ್ತಾರೆ. ಎಂಜಿನಿಯರ್ ಜಾಗಕ್ಕೆ ಹೋಗಿ ಅಳೆದು ಬರೆದ ಉದ್ದ, ಅಗಲ, ದಪ್ಪ ಅದರಲ್ಲಿರುತ್ತದೆ. ಬಿಲ್ಲು ಆಗುವುದು ಅದರ ಮೇಲೆಯೇ. ಉದಾಹರಣೆಗೆ ಉದ್ದ 120 ಮೀಟರ್, ಅಗಲ 3.5 ಮೀಟರ್, ಕಾಂಕ್ರೀಟ್ ದಪ್ಪ 0.15 ಮೀಟರ್ ಎಂದಿದ್ದರೆ ಒಟ್ಟು 63 ಘನ ಮೀಟರ್. ನೀವು ಟೇಪು ಹಿಡಿದು ಹೋಗಿ. ಉದ್ದ, ಅಗಲಗಳಲ್ಲಿ ಮೋಸ ಕಡಿಮೆ, ಯಾರಾದರೂ ಅಳೆದುಬಿಡುತ್ತಾರೆ. ದಪ್ಪ ನೋಡಿ, ರಸ್ತೆಯ ಅಂಚು ಚರಂಡಿಗೆ ತೆರೆದುಕೊಂಡಿರುವ ಕಡೆ. ಉದ್ದಕ್ಕೂ 10 ಸೆಂಟಿಮೀಟರೇ ಇದ್ದರೆ ಹಾಕಿದ್ದು 42 ಘನ ಮೀಟರ್, ಬಿಲ್ಲು 63ಕ್ಕೆ. ಮೂರರಲ್ಲೊಂದು ಪಾಲು ನೆಲಕ್ಕೆ ಬಂದೇ ಇಲ್ಲ ಅಂತಾಯಿತು. ಒಂದೇ ಕಡೆ ಅಳೆದು ತೀರ್ಮಾನಕ್ಕೆ ಬರಬೇಡಿ. ಅಂಚಿನಲ್ಲಿ ತೆಳುವಾಗಿ ನಡುವೆ ಸರಿಯಾಗಿರುವುದೂ ಉಂಟು. ಕಾಯ್ದೆಯ ಸೆಕ್ಷನ್ 2(ಜೆ) ಅಡಿ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಿಮಗಿದೆ, ಇದನ್ನು ಬಳಸಿಕೊಳ್ಳುವವರು ವಿರಳ.

ಆಮೇಲೆ ಗುತ್ತಿಗೆ ಕರಾರು. ಅದರಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಂಬ ಷರತ್ತನ್ನು ಹುಡುಕಿ. ಆ ಅವಧಿಯೊಳಗೆ ರಸ್ತೆ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಬೇಕು. ನಿಮ್ಮ ರಸ್ತೆಗೆ ವರ್ಷವೂ ಆಗಿಲ್ಲ ಎಂದಿದ್ದೀರಿ, ಅವಧಿ ಇನ್ನೂ ಮುಗಿದಿರಲಿಕ್ಕಿಲ್ಲ. ‘ಯಾರು ಹೊಣೆ’ ಎಂಬ ಪ್ರಶ್ನೆಗೆ ಉತ್ತರ ಈ ಪುಟದಲ್ಲಿದೆ. ಇದರ ನಕಲು ಲಗತ್ತಿಸಿ ಮುಖ್ಯಾಧಿಕಾರಿಗೆ ಬೇರೆಯೇ ದೂರು ಕೊಡಿ. ಮಾಹಿತಿ ಅರ್ಜಿಯೊಳಗೆ ದೂರು ಬೆರೆಸಬೇಡಿ.

ಅರ್ಜಿ ಯಾರಿಗೆ, ಎಲ್ಲಿ ಕೊಡಬೇಕು? ಫೀ ಎಷ್ಟು? ನಮೂನೆ ಇಲ್ಲದೆ ತೊಗೊಳ್ಳೋದಿಲ್ಲ ಅಂತಾರೆ.
– ರಾಯಚೂರು ಜಿಲ್ಲೆಯ ಓದುಗರು

‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ಹುದ್ದೆ ಬರೆದು, ಕೆಳಗೆ ಕಚೇರಿಯ ಹೆಸರು ಹಾಕಿದರೆ ಸಾಕು, ವ್ಯಕ್ತಿಯ ಹೆಸರು ಬೇಡ. ಆ ಹುದ್ದೆ ಯಾರ ಮೇಲಿದೆ ಎನ್ನುವುದು ಕಚೇರಿಯ ಫಲಕದಲ್ಲಿ ಇರಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಿ.ಡಿ.ಒ. ಪಟ್ಟಣ ಪಂಚಾಯಿತಿ, ಪುರಸಭೆಗಳ ಮುಖ್ಯಸ್ಥರು ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತ. ಮಾಹಿತಿ ಅಧಿಕಾರಿ ಅವರೇ ಇರಬಹುದು, ಅವರ ಕೆಳಗಿನವರೂ ಇರಬಹುದು.

ನಮೂನೆ-ಎ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದರಲ್ಲಿರುವ ವಿವರಗಳನ್ನೇ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ನಮ್ಮ ರಾಜ್ಯದ ನಿಯಮ ಒಪ್ಪುತ್ತದೆ. ಕನ್ನಡದಲ್ಲೇ ಬರೆಯಿರಿ. ಯಾಕೆ ಬೇಕು ಎಂದು ಹೇಳಬೇಕಿಲ್ಲ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕನಿಗೆ. ಹಾಗಾಗಿ ಸಂಘದ ಲೆಟರ್‌ಹೆಡ್ಡಿನಲ್ಲಿ, ‘ಅಧ್ಯಕ್ಷರು’ ಎಂದು ಸಹಿ ಹಾಕಿ ಕೊಡಬೇಡಿ, ನಿಮ್ಮ ಸ್ವಂತ ಹೆಸರಿನಲ್ಲಿ ಕೊಡಿ. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ.

ಫೀ 10 ರೂಪಾಯಿ. ಪೋಸ್ಟಲ್ ಆರ್ಡರ್ ಆದರೆ ಮಾಹಿತಿ ಅಧಿಕಾರಿಯ ಹುದ್ದೆ ಹೆಸರಿಗೆ ತುಂಬಿ, ಅದರ ಸಂಖ್ಯೆಯನ್ನು ಅರ್ಜಿಯ ಮೇಲೆ ಬರೆಯಿರಿ, ಕೌಂಟರ್‌ಫಾಯಿಲ್ ಇಟ್ಟುಕೊಳ್ಳಿ. ನಗದು ಕೊಟ್ಟರೆ ರಸೀದಿ ಬಿಡಬೇಡಿ. ಬಿ.ಪಿ.ಎಲ್. ಕಾರ್ಡಿನವರಿಗೆ ಅರ್ಜಿ ಫೀ ಇಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ನಕಲಿಗೆ ಎ-4 ಪುಟಕ್ಕೆ 2 ರೂಪಾಯಿ. ಕಡತ ಮೊದಲು ನೋಡಿ ಎಂದು ಮೇಲೆ ಹೇಳಿದ್ದು ಇದಕ್ಕೇ: 300 ಪುಟದ ಕಡತದಲ್ಲಿ ನಿಮಗೆ ಬೇಕಾದ್ದು 20 ಇರಬಹುದು, 600 ಕೊಡುವ ಕಡೆ 40ರಲ್ಲಿ ಮುಗಿಯುತ್ತದೆ.

ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಹಾಕಲು ಸತಾಯಿಸಿದರೆ ಜಗಳ ಬೇಡ, ನೇರ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಮುಂದೆ ಮೇಲ್ಮನವಿಯ ದಿನ ಎಣಿಸುವಾಗ ನಿಮ್ಮ ಕೈಯಲ್ಲಿರುವುದು ಇದೊಂದೇ.

30 ದಿನ ಅಂದರೆ ಯಾವತ್ತಿನಿಂದ? ‘ಹಣ ಕಟ್ಟಿ’ ಎಂದು ಪತ್ರ ಬಂದ ಮೇಲೆ ಮತ್ತೆ ಹೊಸದಾಗಿ 30 ದಿನವೇ?
– ಬಳ್ಳಾರಿ ಜಿಲ್ಲೆಯ ಓದುಗರು

ಅಲ್ಲ. ಉತ್ತರ ಕೊಡಲು ಅಧಿಕಾರಿಗೆ ಇರುವ 30 ದಿನವನ್ನು ಅರ್ಜಿ ಕಚೇರಿಗೆ ಮುಟ್ಟಿದ ದಿನದಿಂದ ಎಣಿಸಬೇಕು. ಮಾರ್ಚ್ 3ಕ್ಕೆ ಮುಟ್ಟಿದರೆ ಏಪ್ರಿಲ್ 2 ಕೊನೆ. ಮಾರ್ಚ್ 20ರಂದು ‘43 ಪುಟಕ್ಕೆ 86 ರೂಪಾಯಿ ಕಟ್ಟಿ’ ಎಂಬ ಪತ್ರ ಹೊರಟಿತು, ನೀವು 30ರಂದು ಕಟ್ಟಿದಿರಿ ಎನ್ನೋಣ. ನಡುವಿನ ಹತ್ತು ದಿನ ಮಾತ್ರ ಲೆಕ್ಕಕ್ಕಿಲ್ಲ. ಉಳಿದ 13 ದಿನ ಸೇರಿಸಿದರೆ ಏಪ್ರಿಲ್ 12. ಹೊಸ 30 ದಿನ ಯಾರೂ ಕೊಟ್ಟಿಲ್ಲ. ಗಡುವು ಮೀರಿದ ಮೇಲೆ ಹಣ ಕೇಳಿದರೆ ಸೆಕ್ಷನ್ 7(6) ತೋರಿಸಿ: ತಡವಾದ ಮಾಹಿತಿ ಪುಕ್ಕಟೆ ಕೊಡಬೇಕು. ಮೊತ್ತ ಹೇಗೆ ಬಂತು ಎಂಬ ಲೆಕ್ಕ ಪತ್ರದಲ್ಲಿ ಇರಬೇಕು. ಬರೀ ‘2,000 ಕಟ್ಟಿ’ ಎಂದಿದ್ದರೆ ಪುಟಗಳ ಸಂಖ್ಯೆ ಕೇಳಿ ವಾಪಸು ಬರೆಯಿರಿ.

ಉತ್ತರವೇ ಬಾರದಿದ್ದರೆ ಗಡುವು ಮುಗಿದ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅಂದರೆ ಮೊದಲ ಲೆಕ್ಕದಲ್ಲಿ ಮೇ 2ರೊಳಗೆ. ಉತ್ತರ ಬಂದು ಅದು ಸರಿಯಿಲ್ಲದಿದ್ದರೆ ಅದು ಕೈಗೆ ಬಂದ ದಿನದಿಂದ 30. ಗ್ರಾಮ ಪಂಚಾಯಿತಿಯ ಮೇಲ್ಮನವಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಬೇರೆ ಕಚೇರಿಗಳದ್ದಾದರೆ ನಿರಾಕರಣೆ ಪತ್ರದಲ್ಲೇ ಮೇಲ್ಮನವಿ ಯಾರಿಗೆ ಎಂದು ಬರೆದಿರಬೇಕು. ಪ್ರಥಮ ಮೇಲ್ಮನವಿ 30 ದಿನದಲ್ಲಿ, ಹೆಚ್ಚೆಂದರೆ 45ರಲ್ಲಿ ತೀರ್ಮಾನ ಆಗಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ, ಪ್ರಥಮ ಮೇಲ್ಮನವಿ ಅಧಿಕಾರಿಗೆ ಇಲ್ಲ. ಆದರೂ ಆ ಮೆಟ್ಟಿಲು ಹಾರಬೇಡಿ: ಆಯೋಗಕ್ಕೆ ಹೋಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಎಷ್ಟೋ ಕಡತಗಳು ಪ್ರಥಮ ಮೇಲ್ಮನವಿಯ ನೋಟಿಸು ಹೊರಟ ಕೂಡಲೇ ಸಿಕ್ಕಿಬಿಡುತ್ತವೆ.

ಅಜ್ಜನ ಕಾಲದ ಹೊಲದ ದಾಖಲೆ ಕೇಳಿದರೆ ‘ನಮ್ಮಲ್ಲಿಲ್ಲ’ ಅನ್ನುತ್ತಾರೆ. ನಮ್ಮದು ಈಗ ಹೊಸ ತಾಲ್ಲೂಕು.
– ಕೊಪ್ಪಳ ಜಿಲ್ಲೆಯ ಓದುಗರು

ಅವರಲ್ಲಿ ನಿಜವಾಗಿಯೂ ಇಲ್ಲದಿರಬಹುದು. ಕುಕನೂರು ಯಲಬುರ್ಗಾದಿಂದ ಬೇರೆಯಾದದ್ದು, ಕಾರಟಗಿ, ಕನಕಗಿರಿ ಗಂಗಾವತಿಯಿಂದ. ಹಳೆಯ ಕಡತಗಳ ಕಟ್ಟು ಎಷ್ಟೋ ಸಲ ತಾಯಿ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲೇ ಉಳಿದಿರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಕೊಪ್ಪಳ ಜಿಲ್ಲೆಯೇ ರಾಯಚೂರಿನ ಭಾಗ. ನಿಮ್ಮ ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿ: ‘ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಸೆಕ್ಷನ್ 6(3)ರಂತೆ 5 ದಿನದೊಳಗೆ ವರ್ಗಾಯಿಸಿ ನನಗೆ ತಿಳಿಸಿ.’ ಆಗ ‘ಇಲ್ಲ’ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ.

ಸರ್ವೆ ನಂಬರ್ ಇಲ್ಲದೆ ಹೋಗಬೇಡಿ. ಈಗಿನ ಪಹಣಿಯಿಂದ ನಂಬರ್ ಹಿಡಿದು, ಹಿಸ್ಸಾ (ಪಾಲು) ಆಗುವ ಮೊದಲಿನ ಮೂಲ ನಂಬರ್ ಯಾವುದು ಎಂದು ನೋಡಿಕೊಳ್ಳಿ. ಪಹಣಿ, ಮ್ಯುಟೇಶನ್ ತಹಶೀಲ್ದಾರ್ ಕಚೇರಿಯದು. ಟಿಪ್ಪಣಿ (ಹೊಲದ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಭೂದಾಖಲೆಗಳ ಇಲಾಖೆಯದು. ಎರಡಕ್ಕೂ ಬೇರೆ ಬೇರೆ ಅರ್ಜಿ. ನೋಂದಾಯಿತ ಕ್ರಯಪತ್ರ ಬೇಕಿದ್ದರೆ ಮಾಹಿತಿ ಹಕ್ಕು ಬೇಡವೇ ಬೇಡ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಫೀ ಕಟ್ಟಿ ದೃಢೀಕೃತ ನಕಲು ಪಡೆಯಿರಿ.

ಇನ್ನೊಂದಕ್ಕೂ ತಯಾರಾಗಿರಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, ಆ ಕಾಲದ ಕಾಗದ ಉರ್ದುವಿನಲ್ಲಿ ಇರಬಹುದು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ಅಲ್ಲಿನ ಹಳೆಯ ರಿಜಿಸ್ಟರುಗಳಲ್ಲಿ ಇಂಗ್ಲಿಷ್, ತೆಲುಗು ಎದುರಾಗಬಹುದು. ಕಚೇರಿ ನಕಲು ಕೊಡುತ್ತದೆ, ಅನುವಾದ ಕೊಡುವುದಿಲ್ಲ. ಉರ್ದು ಬಲ್ಲ ಹಿರಿಯರನ್ನು ಕಡತ ನೋಡುವ ದಿನವೇ ಜೊತೆಗೆ ಕರೆದುಕೊಂಡು ಹೋಗಲು ಮೊದಲೇ ಕೇಳಿಟ್ಟುಕೊಳ್ಳಿ; ಯಾವ ಪುಟ ನಿಮ್ಮದು ಎಂದು ಗೊತ್ತಾಗದೆ ನಕಲು ಮಾಡಿಸಿ ಏನು ಮಾಡುತ್ತೀರಿ?

‘ಕಡತ ಲಭ್ಯವಿಲ್ಲ’ ಎಂದು ಬರೆದುಕೊಟ್ಟಿದ್ದಾರೆ. ಅಲ್ಲಿಗೆ ಮುಗಿಯಿತೇ?
– ರಾಯಚೂರು ಜಿಲ್ಲೆಯ ಓದುಗರು

ಇಲ್ಲ. ನಿರಾಕರಣೆಗೆ ಕಾಯ್ದೆ ಹೇಳುವ ಕಾರಣಗಳಲ್ಲಿ ‘ಕಡತ ಸಿಗುತ್ತಿಲ್ಲ’ ಎಂಬುದು ಇಲ್ಲ. ದೆಹಲಿ ಹೈಕೋರ್ಟ್ 2013ರಲ್ಲಿ, ಇರಬೇಕಾದ ದಾಖಲೆ ಸಿಗದಿದ್ದರೆ ಸರಿಯಾಗಿ ಹುಡುಕಬೇಕು, ಕಳೆದದ್ದಾದರೆ ವಿಚಾರಣೆ ಮಾಡಿ ಹೊಣೆ ನಿಗದಿ ಮಾಡಬೇಕು ಎಂದಿದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ 2010 ಕೂಡ ಇದೆ. ಮೇಲ್ಮನವಿ ಹಾಕಿ, ಜೊತೆಗೇ ಇನ್ನೊಂದು ಹೊಸ ಅರ್ಜಿ ಹಾಕಿ. ಆ ಕಡತದ ಚಲನವಲನ ವಹಿಯ ಪುಟ, ಕಡತ ನೋಡಿಕೊಳ್ಳುತ್ತಿದ್ದ ವಿಷಯ ನಿರ್ವಾಹಕರು ವರ್ಗವಾದಾಗ ಯಾವ ಕಡತ ಯಾರಿಗೆ ಒಪ್ಪಿಸಿದರು ಎಂದು ಬರೆದ ಪ್ರಭಾರ ಪಟ್ಟಿ, ಅವಧಿ ಮುಗಿದು ನಾಶಪಡಿಸಿದ್ದರೆ ನಾಶಪಡಿಸಿದ ಆದೇಶ, ಈ ಮೂರರ ನಕಲು ಕೇಳಿ. ಕಳೆದುಹೋದ ಕಡತ ಸಿಕ್ಕಿತು ಎಂಬ ಫೋನು ಬಂದರೆ ಆಶ್ಚರ್ಯಪಡಬೇಡಿ.

ಪಕ್ಕದವರು ಕಟ್ಟುತ್ತಿರುವ ಮನೆಯ ಲೈಸೆನ್ಸ್ ನಕಲು ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸಿದ್ದಾರೆ.
– ಬಳ್ಳಾರಿ ಜಿಲ್ಲೆಯ ಓದುಗರು

ವೈಯಕ್ತಿಕ ಮಾಹಿತಿ ಕೊಡದಿರಲು ಬಿಡುವ ಸೆಕ್ಷನ್ 8(1)(ಜೆ) ತೋರಿಸಿರಬೇಕು. 2023ರ ದತ್ತಾಂಶ ಸಂರಕ್ಷಣೆ ಕಾಯ್ದೆ ಆ ಕಲಮನ್ನು ತಿದ್ದಿ ಇನ್ನೂ ಬಿಗಿ ಮಾಡಿದೆ, ಹಾಗಾಗಿ ಕೇಳುವ ರೀತಿ ಬದಲಿಸಿ. ಮನೆಯ ಒಳಗಿನ ಕೋಣೆಗಳ ನಕ್ಷೆ, ಮಾಲೀಕರ ಗುರುತಿನ ಚೀಟಿ ನಿಮಗೆ ಬೇಕಿಲ್ಲ, ಕೇಳಲೂ ಬೇಡಿ. ಪುರಸಭೆ ಕೊಟ್ಟ ಪರವಾನಗಿ ಆದೇಶ, ಅದರಲ್ಲಿರುವ ಅಂತಸ್ತುಗಳ ಸಂಖ್ಯೆ, ನಾಲ್ಕೂ ಕಡೆ ಬಿಡಬೇಕಾದ ಜಾಗದ ಅಳತೆ, ಸ್ಥಳ ತಪಾಸಣೆ ವರದಿ, ಇಷ್ಟನ್ನು ಕೇಳಿ. ‘ವೈಯಕ್ತಿಕ ವಿವರಗಳಿದ್ದರೆ ಸೆಕ್ಷನ್ 10ರಂತೆ ಮರೆಮಾಡಿ ಉಳಿದದ್ದು ಕೊಡಿ’ ಎಂದು ನೀವೇ ಬರೆಯಿರಿ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಎನ್ನುವ ಸೆಕ್ಷನ್ 8(2) ಹಾಗೇ ಇದೆ. ಕಟ್ಟಡ ರಸ್ತೆಗೋ ಚರಂಡಿಗೋ ಒತ್ತಿದ್ದರೆ ಅದನ್ನು ಮೇಲ್ಮನವಿಯಲ್ಲಿ ಫೋಟೊ ಸಮೇತ ಹೇಳಿ.

ನನ್ನದೇ ಮನೆಯ ಖಾತಾ ನಕಲಿಗೂ ಮಾಹಿತಿ ಹಕ್ಕೇ ಹಾಕಬೇಕಾ?
– ಕೊಪ್ಪಳ ಜಿಲ್ಲೆಯ ಓದುಗರು

ಬೇಡ. ಅದು ನಿಗದಿತ ದಿನದೊಳಗೆ ಕೊಡಬೇಕಾದ, ‘ಸಕಾಲ’ ಯೋಜನೆಯ ಸೇವೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿ.ಎಸ್.ಸಿ. ನಂಬರ್ ಕೇಳಿ ಪಡೆಯಿರಿ, ಅದು ಕೊಡದಿದ್ದರೆ ನಿಮ್ಮ ಅರ್ಜಿ ಸಕಾಲದಲ್ಲಿ ದಾಖಲಾಗಿಲ್ಲ ಎಂದೇ ಅರ್ಥ. ಗಡುವು ಮೀರಿದರೆ ದಿನಕ್ಕೆ 20ರಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಸಕಾಲದ ಅರ್ಜಿ ಕೊಳೆಯುತ್ತಾ ಬಿದ್ದಿದ್ದರೆ ಮಾತ್ರ, ‘ನನ್ನ ಅರ್ಜಿಯ ಮೇಲೆ ಈವರೆಗೆ ಬರೆದ ಟಿಪ್ಪಣಿ ಹಾಳೆಗಳ ನಕಲು’ ಎಂದು 10 ರೂಪಾಯಿಯ ಮಾಹಿತಿ ಅರ್ಜಿ ಹಾಕಿ. ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ತಾರೀಖು ಸಮೇತ ಅದರಲ್ಲಿರುತ್ತದೆ.