ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ: ಕಾರಿನ ಎಚ್ಚರಿಕೆ ದೀಪಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಐದು ವರ್ಷದ ಪೆಟ್ರೋಲ್ ಕಾರು. ಮುಂಜಾನೆ ಮೊದಲ ಸಲ ಚಾಲೂ ಮಾಡಿದಾಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಸ್ಟೇರಿಂಗ್, ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವುದು), ಏರ್‌ಬ್ಯಾಗ್ ನಾಲ್ಕೂ ದೀಪ ಒಟ್ಟಿಗೇ ಹತ್ತಿಕೊಳ್ಳುತ್ತವೆ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಏನೂ ಇಲ್ಲ. ವಾರಕ್ಕೆ ಎರಡು ಸಲವಾದರೂ ಹೀಗಾಗುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ಕೋಡ್ (ಗಾಡಿ ದಾಖಲಿಸಿದ ದೋಷದ ಸಂಖ್ಯೆ) ಅಳಿಸಿ ಕೊಟ್ಟರು. ಮತ್ತೆ ಬಂದರೆ ಎಬಿಎಸ್ ಯೂನಿಟ್ ಬದಲಿಸಬೇಕು ಅಂದಿದ್ದಾರೆ. ಬದಲಿಸಲೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ನಾಲ್ಕು ವ್ಯವಸ್ಥೆಗಳು ಒಂದೇ ಗಳಿಗೆಯಲ್ಲಿ ಕೆಡುವುದು ತೀರಾ ಅಪರೂಪ. ನಾಲ್ಕಕ್ಕೂ ಸೇರಿದ್ದು ಮುಖ್ಯವಾಗಿ ಎರಡು: ಬ್ಯಾಟರಿಯಿಂದ ಬರುವ ಕರೆಂಟು, ಅದು ಮರಳಿ ಹೋಗುವ ಅರ್ಥಿಂಗ್. ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೋತಿದ್ದರೆ ಆ ಕ್ಷಣ ವೋಲ್ಟೇಜ್ ಕುಸಿದು, ಈ ವ್ಯವಸ್ಥೆಗಳನ್ನು ನಡೆಸುವ ಪುಟ್ಟ ಕಂಪ್ಯೂಟರುಗಳಾದ ಒಂದೆರಡು ಕಂಟ್ರೋಲ್ ಯೂನಿಟ್‌ಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆರಿ ಹತ್ತುತ್ತವೆ. ಉಳಿದವು ‘ಅದರ ಮಾತು ಕೇಳಿಸಲಿಲ್ಲ’ ಎಂದು ದೀಪ ಹಚ್ಚುತ್ತವೆ. ಎರಡನೇ ಸಲ ಎಂಜಿನ್ ಹಗುರಾಗಿ ತಿರುಗುವುದರಿಂದ ವೋಲ್ಟೇಜ್ ಅಷ್ಟು ಇಳಿಯುವುದಿಲ್ಲ, ದೀಪವೂ ಬರುವುದಿಲ್ಲ.

ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳದೆ ಹೋದದ್ದು ದೊಡ್ಡ ನಷ್ಟ. ದೀಪ ಆರಿದರೂ ಕೋಡ್ ಒಳಗೆ ಉಳಿದಿರುತ್ತದೆ. ಎಂಜಿನ್ ಕೋಡಿನ ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯೂ ಇರುತ್ತದೆ: ದೋಷ ಕಂಡ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ನಿನ ಬಿಸಿ. ಬಂದು ಹೋಗುವ ದೋಷಕ್ಕೆ ಇದೇ ಸಾಕ್ಷಿ. ಅಳಿಸಿದರೆ ಸಾಕ್ಷಿಯೂ ಹೋಯಿತು. ಮುಂದಿನ ಸಲ ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಂಡ ಮೇಲೆಯೇ ಅಳಿಸಲು ಬಿಡಿ. ‘ಯು’ ಅಕ್ಷರದಿಂದ ಶುರುವಾಗುವ ಕೋಡ್‌ಗಳು (ಯು0100, ಯು0121) ಯೂನಿಟ್‌ಗಳ ನಡುವಿನ ಮಾತುಕತೆ ತಪ್ಪಿದ್ದನ್ನು ಹೇಳುತ್ತವೆ. ಪಿ0562 ಅಂದರೆ ವೋಲ್ಟೇಜ್ ಕಡಿಮೆ. ಇವು ಕಂಡರೆ ನೀವು ನೋಡಬೇಕಾದದ್ದು ಬ್ಯಾಟರಿ ಕಡೆಗೆ.

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಡಿ. ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ತೆಗೆದು, ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಬಾಗಿಲು ತೆಗೆದರೆ ಯೂನಿಟ್‌ಗಳು ಎಚ್ಚರವಾಗಿ ಕರೆಂಟು ಎಳೆಯುತ್ತಿರುತ್ತವೆ. ಬ್ಯಾಟರಿಯ ಎರಡು ಗೂಟಗಳ ನಡುವೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಈಗ ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡಿ. ಚಾರ್ಜ್ ಇದ್ದ ಬ್ಯಾಟರಿಯೂ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಅದರ ಆಯುಷ್ಯ ಮುಗಿದಿದೆ. ಎಂಜಿನ್ ಚಾಲೂ ಇದ್ದಾಗ 13.8ರಿಂದ 14.5 ಬರಬೇಕು. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಏರಿಳಿಸುತ್ತದೆ, ಹಾಗಾಗಿ ಹೆಡ್‌ಲೈಟ್, ಬ್ಲೋವರ್ ಹಚ್ಚಿ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ.

ಬ್ಯಾಟರಿ ಚೆನ್ನಾಗಿದ್ದರೆ ಅರ್ಥಿಂಗ್ ಪರೀಕ್ಷಿಸಿ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೇ ಹಿಡಿಯಿರಿ, ಕ್ಲ್ಯಾಂಪಿಗಲ್ಲ. ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಮೀರಿದರೆ ದಾರಿಯಲ್ಲಿ ತಡೆ ಇದೆ. ಬಾಡಿಗೂ ಹೀಗೇ ನೋಡಿ. ಸಾಮಾನ್ಯವಾಗಿ ಬ್ಯಾಟರಿ ಟ್ರೇ ಹತ್ತಿರ ಮೈನಸ್ ಕೇಬಲ್ ಬಾಡಿಗೆ ಸೇರುವ ಬೋಲ್ಟ್ ಅಡಿ ತುಕ್ಕು ಹಿಡಿದಿರುತ್ತದೆ, ಇಲ್ಲವೆ ಟರ್ಮಿನಲ್ಲಿಗೆ ಬಿಳಿ-ಹಸಿರು ಪುಡಿ ಕಟ್ಟಿರುತ್ತದೆ. 10 ನಂಬರ್ ಪಾನಾದಿಂದ ಮೈನಸ್ ಮೊದಲು ಬಿಚ್ಚಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಪುಡಿ ತೊಳೆಯಿರಿ, ಒಣಗಿಸಿ, ಉಸುಕು ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಿರಿ. ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ, ಹೊರಗಿನಿಂದ. ಕ್ಲ್ಯಾಂಪ್ ಕೈಯಿಂದ ತಿರುಗಿದರೂ ಸಾಕು, ಅದು ಸಡಿಲ ಎಂದೇ ಅರ್ಥ.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸ್ಟೇರಿಂಗ್ ದೀಪ ಉಳಿದರೆ ಗಾಬರಿ ಬೇಡ. ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಅನೇಕ ಗಾಡಿಗಳಲ್ಲಿ ಅದು ತಾನೇ ಆರುತ್ತದೆ. ನಿಮ್ಮದು ಸಿಗ್ನಲ್‌ನಲ್ಲಿ ತಾನೇ ಬಂದ್ ಆಗುವ ಸ್ಟಾರ್ಟ್-ಸ್ಟಾಪ್ ಗಾಡಿಯಾಗಿದ್ದರೆ ಹೊಸ ಬ್ಯಾಟರಿಯೂ ಇಎಫ್‌ಬಿ ಅಥವಾ ಎಜಿಎಂ ಜಾತಿಯದೇ ಇರಬೇಕು. ಸಾದಾ ಬ್ಯಾಟರಿ ಹಾಕಿದರೆ ಅದು ಬೇಗ ಸೋತು ಇದೇ ಕಾಟ ಮತ್ತೆ ಶುರುವಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಯಲ್ಲಿ ಓಡಾಡಿದ ಮೇಲೆ ಎಬಿಎಸ್ ದೀಪ ಬರುತ್ತಿದೆ. ಅದೂ ಬಲಕ್ಕೆ ಪೂರ್ತಿ ತಿರುಗಿಸಿದಾಗ ಹೆಚ್ಚು. ನೇರ ಡಾಂಬರು ರಸ್ತೆಯಲ್ಲಿ ದಿನಗಟ್ಟಲೆ ಬರುವುದಿಲ್ಲ.
— ರೋಣ, ಗದಗ ಜಿಲ್ಲೆ

ಉತ್ತರ: ‘ಬಲಕ್ಕೆ ತಿರುಗಿಸಿದಾಗ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಪ್ರತಿ ಚಕ್ರದ ಹತ್ತಿರ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಮುಂದಿನ ಚಕ್ರಗಳಲ್ಲಿ ಅದರ ವೈರು ಸ್ಟೇರಿಂಗ್ ಜೊತೆ ಬಾಗುತ್ತದೆ, ಸಸ್ಪೆನ್ಷನ್ ಜೊತೆ ಏರಿಳಿಯುತ್ತದೆ. ಎರಿ ಮಣ್ಣು ಹಸಿ ಇದ್ದಾಗ ಅಂಟಿಕೊಂಡು, ಒಣಗಿದಾಗ ಕುಗ್ಗಿ ಕಲ್ಲಿನಂತಾಗುತ್ತದೆ. ಆ ಗಡ್ಡೆಯ ಭಾರಕ್ಕೆ ವೈರು ಕ್ಲಿಪ್ಪಿನಿಂದ ಜಾರಿ ಟಯರಿಗೋ ರಿಮ್ಮಿಗೋ ಉಜ್ಜುತ್ತದೆ. ಹೊರಗಿನ ರಬ್ಬರು ಚೆನ್ನಾಗಿ ಕಂಡರೂ ಒಳಗಿನ ತಂತಿ ಮುರಿದಿರಬಹುದು.

ಯಾವ ಚಕ್ರ ಎಂದು ತಿಳಿಯಲು ಸ್ಕ್ಯಾನರಿನಲ್ಲಿ ‘ಲೈವ್ ಡೇಟಾ’ ತೆರೆದು ನಾಲ್ಕೂ ಚಕ್ರದ ವೇಗ ಒಂದೇ ಪರದೆಯಲ್ಲಿ ಇಟ್ಟುಕೊಳ್ಳಿ. ಬಯಲಿನಲ್ಲಿ 20 ಕಿ.ಮೀ. ವೇಗದಲ್ಲಿ ಎಡಕ್ಕೆ, ಬಲಕ್ಕೆ ಸುತ್ತು ಹೊಡೆಯಿರಿ. ಪರದೆ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ತಿರುವಿನಲ್ಲಿ ಒಳಚಕ್ರ, ಹೊರಚಕ್ರದ ವೇಗದಲ್ಲಿ ಸ್ವಲ್ಪ ವ್ಯತ್ಯಾಸ ಸಹಜ. ಯಾವುದು ಥಟ್ಟನೆ ಸೊನ್ನೆಗೆ ಬೀಳುತ್ತದೆಯೋ ಅದೇ ಕೆಟ್ಟದ್ದು. ಆಮೇಲೆ ಆ ಚಕ್ರದ ಮಣ್ಣನ್ನು ಸಾದಾ ನೀರು, ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಪ್ರೆಶರ್ ಗನ್ ಹತ್ತಿರದಿಂದ ಹಿಡಿದರೆ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್ಗು) ಒಳಗೆ ನೀರು ನುಗ್ಗುತ್ತದೆ. ಕಪ್ಲರ್ ಬಿಚ್ಚಿ ಪಿನ್ನಿಗೆ ಹಸಿರು ಕಟ್ಟಿದೆಯೇ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಇಂದಿನ ಗಾಡಿಗಳಲ್ಲಿ ಹೆಚ್ಚಿನವು ಆ್ಯಕ್ಟಿವ್ ಸೆನ್ಸರ್‌ಗಳು. ಓಮ್ ಅಳತೆಯಿಂದ ಅವು ಸರಿಯೋ ತಪ್ಪೋ ತಿಳಿಯುವುದಿಲ್ಲ, ಅದನ್ನು ನಂಬಿ ಸೆನ್ಸರ್ ಕೊಳ್ಳಬೇಡಿ.

ಇತ್ತೀಚೆಗೆ ಚಕ್ರದ ಬೇರಿಂಗ್ ಬದಲಿಸಿದ್ದೀರಾ? ಅನೇಕ ಬೇರಿಂಗ್‌ಗಳ ಒಂದು ಮುಖದಲ್ಲಿ ಮ್ಯಾಗ್ನೆಟ್ ಉಂಗುರ ಇರುತ್ತದೆ, ಅದು ಸೆನ್ಸರ್ ಕಡೆಗೇ ಬರಬೇಕು. ತಿರುವಿ ಕೂರಿಸಿದರೆ ಸಿಗ್ನಲ್ಲೇ ಬರುವುದಿಲ್ಲ. ಬೇರಿಂಗ್ ಸವೆದಿದ್ದರೂ ಸೆನ್ಸರಿನ ಅಂತರ ಕದಲುತ್ತದೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಆಟ ಕೈಗೆ ತಿಳಿಯುತ್ತದೆ.

ಹಳದಿ ಎಬಿಎಸ್ ದೀಪ ಒಂದೇ ಇದ್ದರೆ ಮಾಮೂಲಿ ಬ್ರೇಕು ಇರುತ್ತದೆ, ಆದರೆ ಹಸಿ ಮಣ್ಣಿನಲ್ಲಿ ಚಕ್ರ ಲಾಕ್ ಆಗಿ ಜಾರಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಓಡಿಸಬೇಡಿ.

ಪ್ರಶ್ನೆ: ಚಾಲಕನ ಸೀಟು ಹಿಂದೆ ಸರಿಸಿದಾಗಲೆಲ್ಲ ಏರ್‌ಬ್ಯಾಗ್ ದೀಪ ಹತ್ತುತ್ತದೆ. ನಾನೇ ಸರಿಮಾಡಬಹುದೇ?
— ಹಾವೇರಿ

ಉತ್ತರ: ಸೀಟಿನ ಕೆಳಗಿನ ಕಪ್ಲರ್ ಸಡಿಲವಾಗಿರಬಹುದು. ಏರ್‌ಬ್ಯಾಗಿನದು ಸಾಮಾನ್ಯವಾಗಿ ಹಳದಿ ಬಣ್ಣದ್ದು. ಸೀಟಿನಡಿ ಇಟ್ಟ ನೀರಿನ ಬಾಟಲಿ, ಕೊಡೆ ತಾಗಿ ಎಳೆದಿರಬಹುದು, ಅವನ್ನು ತೆಗೆದುಹಾಕಿ. ಆ ಕಪ್ಲರನ್ನು ನೀವು ಮುಟ್ಟಬೇಡಿ, ಅದಕ್ಕೆ ಮಲ್ಟಿಮೀಟರ್ ಅಂತೂ ಹಚ್ಚಲೇಬೇಡಿ. ಮೀಟರಿನ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯುವ ಅಪಾಯವಿದೆ. ತಿಳಿದ ಮೆಕ್ಯಾನಿಕ್ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಕಂಪನಿಯ ಕೈಪಿಡಿ ಹೇಳಿದಷ್ಟು ನಿಮಿಷ ಕಾಯ್ದು, ಆಮೇಲೆ ಕೈ ಹಾಕುತ್ತಾರೆ. ದೀಪ ಹತ್ತಿದ್ದಾಗ ಅಪಘಾತವಾದರೆ ಬ್ಯಾಗ್ ಬಿಚ್ಚದೇ ಹೋಗಬಹುದು, ಮುಂದೂಡಬೇಡಿ.

ಪ್ರಶ್ನೆ: ಬಿಎಸ್-6 ಡೀಸೆಲ್ ಗಾಡಿ. ಸಪ್ತಾಪುರದಿಂದ ಮಾರುಕಟ್ಟೆ, ಮತ್ತೆ ಮನೆ, ಇಷ್ಟೇ ಓಡಾಟ. ತಿಂಗಳಿಗೊಮ್ಮೆ ಡಿಪಿಎಫ್ ದೀಪ ಬಂದು ಹೋಗುತ್ತದೆ.
— ಧಾರವಾಡ

ಉತ್ತರ: ಗಾಡಿ ಕೆಟ್ಟಿಲ್ಲ, ಓಟ ಸಾಲುತ್ತಿಲ್ಲ. ಡಿಪಿಎಫ್ ಹೊಗೆಯ ಮಸಿ ಹಿಡಿದಿಡುವ ಜಾಲರಿ. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು, ನಾಲ್ಕು ಕಿಲೋಮೀಟರಿನ ಓಟದಲ್ಲಿ ಅದು ಬರುವುದಿಲ್ಲ. ದೀಪ ಬಂದ ದಿನ ಹುಬ್ಬಳ್ಳಿಯ ಸಿಗ್ನಲ್ ರಸ್ತೆ ಬಿಟ್ಟು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಿತ್ತೂರು ಕಡೆ ಹೋಗಿ. 60-80 ಕಿ.ಮೀ. ವೇಗ, ಎಂಜಿನ್ 2000 ಆರ್‌ಪಿಎಂ ಮೇಲಿರುವಂತೆ ಗೇರು, 20-25 ನಿಮಿಷ ನಿಲ್ಲಿಸದ ಓಟ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಮಸಿ ಸುಡುತ್ತಿರುವಾಗ ಮಧ್ಯದಲ್ಲಿ ಬಂದ್ ಮಾಡಬೇಡಿ.

ಒಂದು ಮಾತು ಒತ್ತಿ ಹೇಳಬೇಕು: ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯ ಮೇಲೇ ಕಣ ಮಾಡುತ್ತಾರೆ. ಆ ಹೊಟ್ಟು, ಕಣಿಕೆ ಮೇಲೆ ಬಿಸಿ ಸೈಲೆನ್ಸರಿನ ಗಾಡಿ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ. ಕಣದ ಮೇಲೆ ಹಾಯ್ದಿದ್ದರೆ ಇಳಿದು ಅಡಿಯಲ್ಲಿ ಸುತ್ತಿಕೊಂಡದ್ದನ್ನು ತೆಗೆಯಿರಿ.

ಸುಡುವಿಕೆ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆ ದಾಟಿದ್ದರೆ ಕೂಡಲೇ ಬದಲಿಸಿ. ಡಿಪಿಎಫ್ ಜೊತೆ ಎಂಜಿನ್ ದೀಪವೂ ಬಂದರೆ ಹೆದ್ದಾರಿಗೆ ಒಯ್ಯದೆ ನೇರ ಗ್ಯಾರೇಜಿಗೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಗಾಡಿ ನಿಧಾನ ಮಾಡಿದಾಗ ಕೆಂಪು ಆಯಿಲ್ ದೀಪ ಮಿಣುಕುತ್ತದೆ, ರೇಸ್ ಕೊಟ್ಟರೆ ಹೋಗುತ್ತದೆ. ಸೆನ್ಸರ್ ದೋಷ ಇರಬಹುದೇ?
— ಗದಗ

ಉತ್ತರ: ಇರಬಹುದು, ಆದರೆ ಹಾಗೆಂದುಕೊಂಡು ಓಡಿಸಬೇಡಿ. ಮಿಣುಕಿದ ಕೂಡಲೇ ಬದಿಗೆ ತಂದು ಬಂದ್ ಮಾಡಿ. ಸಮ ನೆಲದಲ್ಲಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಬಹುತೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್. ಕಡಿಮೆ ಇದ್ದರೆ ಅದೇ ಗ್ರೇಡಿನ ಆಯಿಲ್ ಸ್ವಲ್ಪ ಸ್ವಲ್ಪ ಹಾಕಿ, ಎಲ್ಲಿ ಸೋರುತ್ತಿದೆ ಹುಡುಕಿಸಿ. ಮಟ್ಟ ಸರಿ ಇದ್ದರೆ ಪ್ರೆಶರ್ ಸ್ವಿಚ್ ಬಿಚ್ಚಿ, ಅದರ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಕೂರಿಸಿ, ಎಂಜಿನ್ ಬಿಸಿ ಇದ್ದಾಗ ಅಳೆಯಲು ಹೇಳಿ. ಗೇಜ್ ಕೈಪಿಡಿಯ ಅಂಕಿ ತೋರಿಸಿದರೆ ಸ್ವಿಚ್ ಬದಲಿಸಿದರಾಯಿತು. ಕಡಿಮೆ ತೋರಿಸಿದರೆ ಆಯಿಲ್ ತೀರಾ ತೆಳುವಾಗಿದೆ, ಇಲ್ಲವೆ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಜಾಲರಿ ಕಟ್ಟಿದೆ, ಇಲ್ಲವೆ ಎಂಜಿನ್ನಿನ ಒಳಗಿನ ಬೇರಿಂಗ್ ಸವೆದಿರಬಹುದು. ದಪ್ಪ ಆಯಿಲ್ ಹಾಕಿ ದೀಪ ಆರಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಅಳತೆ ಆಗುವವರೆಗೆ ಗಾಡಿಯನ್ನು ಟೋ ಮಾಡಿಯೇ ಒಯ್ಯಿರಿ.